ಕರಾವಳಿಯ ಕಬ್ಬಿಣಕ್ಕೆ ಎಪಾಕ್ಸಿ: ಮೇಲ್ಮೈ ಎಷ್ಟು ತರಿಯಾಗಿರಬೇಕು, ಅಳೆಯುವುದು ಹೇಗೆ

ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಕಡಲಂಚಿನ ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಐಸ್ ಫ್ಯಾಕ್ಟರಿಯ ಕಂಬ, ಬೋಟಿನ ವಿಂಚು ಇವುಗಳನ್ನು ನೋಡುತ್ತ ಹೋದರೆ ಒಂದೇ ಕಾಯಿಲೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ಎಪಾಕ್ಸಿ ಬಣ್ಣವನ್ನೇ ಬಳಿದಿರುತ್ತಾರೆ, ಆದರೆ ಎರಡು ಮಳೆಗಾಲದೊಳಗೆ ಅದು ಹಕ್ಕಳೆ ಎದ್ದು ಅಂಗೈಯಗಲದ ತುಂಡುಗಳಾಗಿ ಕಳಚಿ ಬರುತ್ತದೆ. ಕಳಚಿದ ತುಂಡನ್ನು ತಿರುಗಿಸಿ ಹಿಂಬದಿ ನೋಡಿ. ಅದು ಗಾಜಿನಂತೆ ನುಣ್ಣಗಿದ್ದರೆ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಕ್ಕಿರಲಿಲ್ಲ ಎಂದರ್ಥ. ತುಕ್ಕಿನ ಪುಡಿ ಅಂಟಿಕೊಂಡಿದ್ದರೆ ಕೊಳೆಯ ಮೇಲೆ ಬಳಿದಿದ್ದಾರೆ. ಎರಡೂ ಸಂದರ್ಭದಲ್ಲಿ ತಪ್ಪು ನಡೆದದ್ದು ಬಣ್ಣದ ಡಬ್ಬಿ ತೆರೆಯುವ ಮೊದಲು.

ಚಿರೇಕಲ್ಲಿನ ಗೋಡೆಗೆ ಗಾರೆ ಹಿಡಿಯುವ ಹಾಗೆ ನುಣುಪು ಕಾಂಕ್ರೀಟಿಗೆ ಹಿಡಿಯುವುದಿಲ್ಲ, ಅದಕ್ಕೇ ಗಾರೆಯವರು ಕಾಂಕ್ರೀಟನ್ನು ಮೊದಲು ಕೊಚ್ಚುತ್ತಾರೆ. ಕಬ್ಬಿಣಕ್ಕೂ ಪಾಲಿಮರ್ ಬಣ್ಣಕ್ಕೂ ಇರುವ ಸಂಬಂಧ ಇದೇ, ಅಳತೆ ಮಾತ್ರ ಮೈಕ್ರಾನ್‌ನಲ್ಲಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಒತ್ತಡದ ಗಾಳಿಯಲ್ಲಿ ಒರಟು ಕಾಳುಗಳನ್ನು ಹೊಡೆದು ಕಬ್ಬಿಣವನ್ನು ತರಿ ಮಾಡುವುದಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ. ಹಾಗೆ ಬ್ಲಾಸ್ಟ್ ಮಾಡಿದ ತಗಡಿನ ಮೇಲೆ ಮೊನೆಗಳೂ ತಗ್ಗುಗಳೂ ಏಳುತ್ತವೆ. ಮೊನೆಯಿಂದ ತಗ್ಗಿನ ತಳಕ್ಕೆ ಇರುವ ಎತ್ತರವೇ ಪ್ರೊಫೈಲ್. ಇದರಿಂದ ಬಣ್ಣ ಅಂಟುವ ಮೇಲ್ಮೈಯ ವಿಸ್ತೀರ್ಣ ಹೆಚ್ಚುತ್ತದೆ. ಬಣ್ಣ ತಗ್ಗುಗಳೊಳಗೆ ಇಳಿದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗೀರು ಬಿದ್ದ ಕಡೆಯಿಂದ ತುಕ್ಕು ಬಣ್ಣದ ಅಡಿಯಲ್ಲಿ ತೆವಳಿಕೊಂಡು ಹೋಗಬೇಕಾದರೂ ಪ್ರತಿ ಮೊನೆಯನ್ನು ಹತ್ತಿ ಇಳಿಯಬೇಕಾಗುತ್ತದೆ.

ಹಾಗೆಂದು ತರಿ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಈ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗುವುದು ಈ ತಪ್ಪು ತಿಳಿವಳಿಕೆಯಿಂದ. ಪ್ರೊಫೈಲ್ ಎಷ್ಟಿರಬೇಕು ಎಂಬುದನ್ನು ಮೇಲೆ ಬರುವ ಬಣ್ಣದ ದಪ್ಪವೇ ನಿರ್ಧರಿಸುತ್ತದೆ.

ಮೊದಲು ಅಂಕಿ ಗೊತ್ತುಮಾಡಿಕೊಳ್ಳಿ

ಬಣ್ಣದ ಕಂಪನಿಯ ಡೇಟಾ ಶೀಟಿನಲ್ಲಿ ಪ್ರೊಫೈಲ್ ಎಷ್ಟೆಂದು ಬರೆದಿದ್ದರೆ ಅದೇ ಕೊನೆಯ ಮಾತು. ಬರೆದಿಲ್ಲದಿದ್ದರೆ ಈ ಲೆಕ್ಕದಿಂದ ಶುರುಮಾಡಬಹುದು. ಮನೆಯ ಗ್ರಿಲ್ಲಿಗೆ ಒಂದೇ ಕೋಟು ಪೌಡರ್ ಕೋಟಿಂಗ್ 60ರಿಂದ 80 ಮೈಕ್ರಾನ್ ಕೂರುವುದಾದರೆ 25ರಿಂದ 40 ಮೈಕ್ರಾನ್ ತರಿ ಸಾಕು. ಸತುವಿನ ಪುಡಿ ಹೆಚ್ಚಿರುವ ಜಿಂಕ್ ರಿಚ್ ಎಪಾಕ್ಸಿ ಪ್ರೈಮರ್ (ಮೊದಲ ಕೋಟು), ಅದರ ಮೇಲೆ ಎಪಾಕ್ಸಿ, ಅದರ ಮೇಲೆ ಪಾಲಿಯುರೆಥೇನ್ ಎಂಬ ಮೂರು ಕೋಟಿನ ಪದ್ಧತಿಗೆ 50ರಿಂದ 75. ಬೋಟಿನ ತಳ, ಜೆಟ್ಟಿಯ ಕಂಬದಂಥ ಕಡೆ 400 ಮೈಕ್ರಾನ್ ಮೀರುವ, ಗಾಜಿನ ಚಕ್ಕೆ ಬೆರೆಸಿದ ಗ್ಲಾಸ್ ಫ್ಲೇಕ್ ಎಪಾಕ್ಸಿಗೆ 75ರಿಂದ 100. ಬಣ್ಣ ದಪ್ಪವಾದಷ್ಟೂ ಒಣಗುವಾಗ ಕುಗ್ಗುವ ಎಳೆತ ಹೆಚ್ಚು, ಅದಕ್ಕೆ ಹಿಡಿತವೂ ಆಳವಾಗಿ ಬೇಕು. ಹಲವು ಕೋಟಿನ ಪದ್ಧತಿಯಲ್ಲಿ ಒಟ್ಟು ಒಣ ದಪ್ಪ ಪ್ರೊಫೈಲಿನ ಮೂರು ಪಟ್ಟಿಗಿಂತ ಕಡಿಮೆ ಬೇಡ.

ನಮ್ಮ ಕಡಲ ತೀರವನ್ನು ಐಎಸ್‌ಒ 12944ರ ಪ್ರಕಾರ ಸಿ5, ಅಂದರೆ ತುಕ್ಕಿನ ಕಾಟ ತುಂಬಾ ಹೆಚ್ಚಿರುವ ವರ್ಗವೆಂದು ಹಿಡಿದು ನಡೆಯುವುದು ಸರಿ. ಆ ವರ್ಗದಲ್ಲಿ ದೀರ್ಘ ಬಾಳಿಕೆಗೆ ಜಿಂಕ್ ರಿಚ್ ಪ್ರೈಮರ್ ಸೇರಿ ಒಟ್ಟು 260 ಮೈಕ್ರಾನ್ ಕೇಳುತ್ತಾರೆ: ಪ್ರೈಮರ್ 60, ನಡುವಿನ ಎಪಾಕ್ಸಿ 140, ಮೇಲಿನ ಪಾಲಿಯುರೆಥೇನ್ 60 ಎಂದು ಹಂಚಿಕೊಳ್ಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪುಗಾಳಿಯ ಕಾಟ ಇಲ್ಲ. ಅಲ್ಲಿ ಮಳೆ ಮತ್ತು ಬಿಡದ ತೇವದ್ದೇ ಚಿಂತೆ. ಆದರೆ ಶಿರಸಿಯಲ್ಲಿ ಮಾಡಿದ ಗೇಟು ಕುಮಟೆಯ ಕಡಲ ಬದಿಯ ಮನೆಗೆ ಹೋಗುವುದಿದ್ದರೆ ಲೆಕ್ಕ ಹಾಕಬೇಕಾದದ್ದು ಕುಮಟೆಯ ಗಾಳಿಗೆ.

ಬ್ಲಾಸ್ಟಿಂಗ್‌ಗೂ ಮೊದಲು ತೊಳೆಯಿರಿ

ಉಪ್ಪು ಕೂತ ಕಬ್ಬಿಣವನ್ನು ನೇರವಾಗಿ ಬ್ಲಾಸ್ಟ್ ಮಾಡಿದರೆ ಉಪ್ಪು ಪೂರ್ತಿ ಹಾರಿಹೋಗುವುದಿಲ್ಲ. ಒಂದಿಷ್ಟು ಕಾಳುಗಳ ಹೊಡೆತಕ್ಕೆ ತಗ್ಗುಗಳೊಳಗೆ ನಾಟಿಕೊಳ್ಳುತ್ತದೆ. ಅದರ ಮೇಲೆ ಬಣ್ಣ ಬಿದ್ದಾಗ ಉಪ್ಪು ಬಣ್ಣದ ಪೊರೆಯ ಮೂಲಕ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಕೆಲವೇ ತಿಂಗಳಲ್ಲಿ ನೀರು ತುಂಬಿದ ಗುಳ್ಳೆಗಳು ಏಳುತ್ತವೆ. ತರಿ ಎಷ್ಟು ಚೆನ್ನಾಗಿದ್ದರೂ ಉಪ್ಪಿನೆದುರು ಅದು ಕೆಲಸಕ್ಕೆ ಬರುವುದಿಲ್ಲ.

ಎಣ್ಣೆ, ಗ್ರೀಸನ್ನು ಮೊದಲು ಡಿಟರ್ಜೆಂಟ್ ಅಥವಾ ಸಾಲ್ವೆಂಟ್‌ನಿಂದ ತೆಗೆಯಿರಿ, ಬಟ್ಟೆಯನ್ನು ಆಗಾಗ ಬದಲಿಸುತ್ತಿರಿ. ಅದೇ ಬಟ್ಟೆಯಲ್ಲಿ ಒರೆಸುತ್ತ ಹೋದರೆ ಎಣ್ಣೆ ಇಡೀ ತಗಡಿಗೆ ಹರಡುತ್ತದೆ. ಆಮೇಲೆ ಸಿಹಿನೀರಿನಲ್ಲಿ ಪ್ರೆಶರ್ ವಾಷರ್ ಹಿಡಿದು ತೊಳೆಯಿರಿ. ಇಲ್ಲಿ ಒಂದು ಎಚ್ಚರ: ಕಡಲಿಗೋ ಅಳಿವೆಗೋ ಹತ್ತಿರದ ಬಾವಿಯ ನೀರು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗಿರಬಹುದು. ನಾಲಿಗೆಗೆ ಗೊತ್ತಾಗದಷ್ಟು ಉಪ್ಪೂ ಕೆಲಸ ಕೆಡಿಸುತ್ತದೆ, ಆದ್ದರಿಂದ ಕಂಡಕ್ಟಿವಿಟಿ ಮೀಟರ್ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆಯುವ ಸಾಧನ, ಉಪ್ಪು ಹೆಚ್ಚಿದಷ್ಟೂ ಅಂಕಿ ಹೆಚ್ಚು) ಅದ್ದಿ ನೋಡಿಯೇ ಬಳಸಿ.

ಉಪ್ಪು ಎಷ್ಟು ಉಳಿದಿದೆ ಎಂದು ತಿಳಿಯಲು ಬ್ರೆಸ್ಲೆ ಪ್ಯಾಚ್ ಇದೆ. 1250 ಚದರ ಮಿ.ಮೀ. ಪ್ಯಾಚನ್ನು ಬ್ಲಾಸ್ಟ್ ಆದ ಮೇಲ್ಮೈಗೆ ಅಂಟಿಸಿ, 10 ಮಿ.ಲೀ. ಶುದ್ಧ ನೀರಿನಲ್ಲಿ ಒಂದು ಭಾಗವನ್ನು ಸಿರಿಂಜಿನಿಂದ ಒಳಬಿಟ್ಟು, ಎಳೆದು ಮತ್ತೆ ಬಿಟ್ಟು, ಕೊನೆಗೆ ಎಲ್ಲ ನೀರನ್ನೂ ಕೂಡಿಸಿ ಕಂಡಕ್ಟಿವಿಟಿ ನೋಡಬೇಕು. ಮೊದಲಿನ ಅಂಕಿಗೂ ನಂತರದ ಅಂಕಿಗೂ ಇರುವ ವ್ಯತ್ಯಾಸವನ್ನು 4ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಎಂದು ಸಿಗುತ್ತದೆ. ನೀರು ಮೊದಲು 2, ಆಮೇಲೆ 12 ಮೈಕ್ರೋಸೀಮನ್ಸ್ ತೋರಿಸಿದರೆ ವ್ಯತ್ಯಾಸ 10, ಉಪ್ಪು 40 ಮಿಲಿಗ್ರಾಂ. ಗಾಳಿಯಲ್ಲಿ ನಿಲ್ಲುವ ಕಬ್ಬಿಣಕ್ಕೆ 50ರೊಳಗೆ ಇಟ್ಟುಕೊಳ್ಳಿ, ನೀರಲ್ಲಿ ಮುಳುಗಿರುವುದಕ್ಕೆ 20ರ ಆಸುಪಾಸಿಗೆ ಇಳಿಸಿ.

ಗುಳಿಬಿದ್ದ ಹಳೆಯ ಕಬ್ಬಿಣಕ್ಕೆ ಪ್ಯಾಚ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಒಮ್ಮೆ ಬ್ಲಾಸ್ಟ್ ಮಾಡಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಎಲ್ಲೆಲ್ಲಿ ಕಪ್ಪು ಚುಕ್ಕೆ ಒದ್ದೆಯಾಗಿ ಕಾಣುತ್ತದೋ ಅಲ್ಲೆಲ್ಲ ಗುಳಿಯೊಳಗೆ ಉಪ್ಪು ಕೂತಿದೆ. ಆ ಜಾಗವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಬ್ಲಾಸ್ಟ್ ಮಾಡಬೇಕು. ಎರಡು ಸಲ ಮಾಡಬೇಕಾಗಿ ಬಂದರೂ ಬೇಸರಿಸಬೇಡಿ.

ಇದೇ ಹಂತದಲ್ಲಿ ಚೂಪಾದ ಅಂಚುಗಳನ್ನು ಗ್ರೈಂಡರ್ ಹಿಡಿದು ಸುಮಾರು 2 ಮಿ.ಮೀ. ತ್ರಿಜ್ಯಕ್ಕೆ ದುಂಡು ಮಾಡಿ, ವೆಲ್ಡಿಂಗ್ ಸಿಡಿಗಳನ್ನು ಉಳಿಯಿಂದ ಹಾರಿಸಿಬಿಡಿ. ಬ್ಲಾಸ್ಟಿಂಗ್ ಆದಮೇಲೆ ಗ್ರೈಂಡರ್ ಹಿಡಿದರೆ ಆ ಜಾಗದ ತರಿ ಅಳಿಸಿಹೋಗುತ್ತದೆ.

ಯಾವ ಕಾಳು, ಎಷ್ಟು ಒತ್ತಡ

ಕಡಲ ಉಸುಕು ಪುಕ್ಕಟೆ ಸಿಗುತ್ತದೆ ಎಂದು ಬ್ಲಾಸ್ಟಿಂಗ್‌ಗೆ ತರಬೇಡಿ. ಅದರಲ್ಲಿ ಉಪ್ಪಿದೆ. ಅದಕ್ಕಿಂತ ದೊಡ್ಡ ವಿಷಯ, ಒಡೆದ ಉಸುಕಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ವಾಸಿಯೆಂಬುದಿಲ್ಲ. ನದಿಯ ಉಸುಕಾದರೂ ಈ ಅಪಾಯ ತಪ್ಪದು. ನಾಝಲ್ ಹಿಡಿಯುವವನ ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು, ಶುದ್ಧ ಗಾಳಿ ಪೂರೈಸುವ ಹೆಲ್ಮೆಟ್ಟೇ ಬೇಕು.

ಗಾರ್ನೆಟ್ ಎಂಬ ಖನಿಜ, ಕಾಪರ್ ಸ್ಲ್ಯಾಗ್ (ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟ), ಮೂಲೆಯುಳ್ಳ ಉಕ್ಕಿನ ಕಾಳಾದ ಸ್ಟೀಲ್ ಗ್ರಿಟ್ ಇವು ಬಳಕೆಯಲ್ಲಿರುವ ಕಾಳುಗಳು. 30/60 ಮೆಶ್ (ಜರಡಿಯ ಅಳತೆ) ಗಾರ್ನೆಟ್ ಸಾಧಾರಣವಾಗಿ 50ರಿಂದ 75 ಮೈಕ್ರಾನ್ ತರಿ ಕೊಡುತ್ತದೆ, ಮೂರು ಕೋಟಿನ ಪದ್ಧತಿಗೆ ಅದು ಸರಿಹೊಂದುತ್ತದೆ. ಸ್ಟೀಲ್ ಗ್ರಿಟ್ಟನ್ನು ಮತ್ತೆ ಮತ್ತೆ ಬಳಸಬಹುದು, ಆದರೆ ನಮ್ಮ ಹವೆಯಲ್ಲಿ ಅದಕ್ಕೇ ತುಕ್ಕು ಹಿಡಿದು ಹೆಂಟೆಯಾಗುತ್ತದೆ. ಮುಚ್ಚಿದ ಕೋಣೆ, ಒಣ ಗಾಳಿ ಇದ್ದವರಿಗೆ ಮಾತ್ರ ಅದು ಲಾಭ. ದುಂಡನೆಯ ಸ್ಟೀಲ್ ಶಾಟ್ ಮಾತ್ರ ಬಳಸಿದರೆ ಬೋಗುಣಿಯಂಥ ತಗ್ಗುಗಳು ಏಳುತ್ತವೆ, ಚೂಪು ಮೊನೆ ಇರುವುದಿಲ್ಲ. ದಪ್ಪ ಎಪಾಕ್ಸಿಗೆ, ಜಿಂಕ್ ಸಿಲಿಕೇಟ್ ಪ್ರೈಮರಿಗೆ ಮೂಲೆಯುಳ್ಳ ಗ್ರಿಟ್ಟೇ ಬೇಕು.

ಆಳದಷ್ಟೇ ಮುಖ್ಯವಾದದ್ದು ಮೊನೆಗಳ ಸಾಂದ್ರತೆ. 70 ಮೈಕ್ರಾನ್ ಆಳದ ಎರಡು ಮೇಲ್ಮೈಗಳಲ್ಲಿ ಒಂದರ ಮೇಲೆ ಮೊನೆಗಳು ಒತ್ತೊತ್ತಾಗಿದ್ದು ಇನ್ನೊಂದರ ಮೇಲೆ ವಿರಳವಾಗಿದ್ದರೆ ಬಣ್ಣ ಕಚ್ಚುವುದು ಮೊದಲನೆಯದಕ್ಕೆ. ದಪ್ಪ ಕಾಳು ಆಳವಾಗಿ ಹೊಡೆಯುತ್ತದೆ, ಸಣ್ಣ ಕಾಳು ಒಂದೇ ತೂಕದಲ್ಲಿ ಹೆಚ್ಚು ಸಲ ಹೊಡೆಯುತ್ತದೆ. ಗ್ರಿಟ್ ಮರುಬಳಸುವವರು ಮೆಶಿನ್ ಖಾಲಿಯಾದಾಗ ಒಮ್ಮೆಲೇ ಹೊಸ ಚೀಲಗಳನ್ನು ಸುರಿಯದೆ ದಿನವೂ ಸ್ವಲ್ಪ ಸ್ವಲ್ಪ ಹಾಕುತ್ತಿದ್ದರೆ ದಪ್ಪ ಸಣ್ಣ ಎರಡೂ ಹದವಾಗಿ ಉಳಿಯುತ್ತವೆ. ಒಮ್ಮೆಲೇ ಹೊಸದು ಹಾಕಿದ ದಿನ ತರಿ ಎದ್ದು ನಿಲ್ಲುತ್ತದೆ, ವಾರದ ನಂತರ ಕುಸಿಯುತ್ತದೆ. ಎರಡೂ ದಿನ ಅದೇ ಬಣ್ಣ ಬಳಿದರೆ ಫಲ ಬೇರೆ ಬೇರೆ.

ನಾಝಲಿನ ಬಳಿ 7 ಬಾರ್ ಒತ್ತಡ ಇರಬೇಕು. ಕಂಪ್ರೆಸರಿನ ಮೀಟರ್ 7 ತೋರಿಸಿದರೆ ಸಾಲದು, ಉದ್ದ ಹೋಸಿನಲ್ಲಿ ಒತ್ತಡ ಬಿದ್ದುಹೋಗುತ್ತದೆ. ಸೂಜಿಯ ಗೇಜನ್ನು ನಾಝಲಿನ ಹಿಂದೆ ಹೋಸಿಗೆ ಚುಚ್ಚಿ ನೋಡಿ. 9.5 ಮಿ.ಮೀ. ನಾಝಲಿಗೆ ಈ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 200 ಘನ ಅಡಿ ಗಾಳಿ ಬೇಕು. ನಾಝಲ್ ಸವೆದು ಅಗಲವಾದರೆ ಅದೇ ಕಂಪ್ರೆಸರಿಗೆ ಒತ್ತಡ ಹಿಡಿಯಲಾಗುವುದಿಲ್ಲ, ಆಗ ತರಿ ಕಡಿಮೆಯಾಗುತ್ತದೆ. ನಾಝಲಿಗೂ ತಗಡಿಗೂ 300ರಿಂದ 600 ಮಿ.ಮೀ. ಅಂತರ ಇರಲಿ.

ಕೆಲಸ ಶುರುಮಾಡುವ ಮೊದಲು ಕಾಳಿಲ್ಲದೆ ಬರೀ ಗಾಳಿಯನ್ನು ಬಿಳಿ ಬಟ್ಟೆಯ ಮೇಲೆ ಒಂದು ನಿಮಿಷ ಬಿಡಿ. ಎಣ್ಣೆಯ ಕಲೆಯಾಗಲಿ ತೇವವಾಗಲಿ ಕಂಡರೆ ಮಾಯಿಶ್ಚರ್ ಟ್ರ್ಯಾಪ್ ಬರಿದು ಮಾಡಿ, ಫಿಲ್ಟರ್ ಬದಲಿಸಿ. ಈ ಕರಾವಳಿಯ ಗಾಳಿಯಲ್ಲಿ ಟ್ರ್ಯಾಪ್ ತುಂಬಲು ಹೆಚ್ಚು ಹೊತ್ತು ಬೇಡ.

ಇನ್ನೊಂದು ತಪ್ಪು ಕಲ್ಪನೆ: ತರಿ ಸಾಲದಿದ್ದರೆ ಅಲ್ಲೇ ಇನ್ನಷ್ಟು ಹೊತ್ತು ಹೊಡೆಯುವುದು. ಆಳವನ್ನು ನಿರ್ಧರಿಸುವುದು ಕಾಳಿನ ಗಾತ್ರ, ಗಡಸುತನ ಮತ್ತು ಒತ್ತಡ. ಹೊತ್ತು ಹೆಚ್ಚಿದರೆ ಆಳ ಹೆಚ್ಚುವುದಿಲ್ಲ, ಎದ್ದ ಮೊನೆಗಳೇ ಬಡಿಸಿಕೊಂಡು ಮೊಂಡಾಗುತ್ತವೆ. ಸಾಲದಿದ್ದರೆ ದಪ್ಪ ಕಾಳಿಗೆ ಹೋಗಿ.

ಸ್ವಚ್ಛತೆ ಬೇರೆ, ತರಿ ಬೇರೆ ಎಂಬುದನ್ನು ಕಾಂಟ್ರ್ಯಾಕ್ಟರ ಜೊತೆ ಮಾತಾಡುವಾಗ ಸ್ಪಷ್ಟಮಾಡಿಕೊಳ್ಳಿ. ಎಸ್‌ಎ 2½ ಎಂಬ ಸ್ವಚ್ಛತೆಯ ದರ್ಜೆ ಎಂದರೆ ಮಿಲ್ ಸ್ಕೇಲಿನ ನೀಲಿಗಪ್ಪು ಪೊರೆ, ತುಕ್ಕು, ಹಳೆ ಬಣ್ಣ ಎಲ್ಲ ಹೋಗಿ ಚುಕ್ಕೆಯಂಥ, ಗೆರೆಯಂಥ ತಿಳಿಛಾಯೆ ಮಾತ್ರ ಉಳಿಯುವುದು. ಅದು ಆಳದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆರ್ಡರಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ.

ತರಿ ಅಳೆಯುವುದು

ಕೈ ಸವರಿ ಹೇಳುವುದು ಅಳತೆಯಲ್ಲ. ಅಗ್ಗದ ದಾರಿಯೆಂದರೆ ಐಎಸ್‌ಒ 8503ರ ಕಂಪ್ಯಾರೇಟರ್ ಬಿಲ್ಲೆ. ಅದರಲ್ಲಿ ನಾಲ್ಕು ಭಾಗಗಳಿರುತ್ತವೆ. ಗ್ರಿಟ್ಟಿಗೊಂದು, ಶಾಟ್‌ಗೊಂದು ಬಿಲ್ಲೆ. ಗ್ರಿಟ್ ಬಿಲ್ಲೆಯಲ್ಲಿ 25ರಿಂದ 60 ಮೈಕ್ರಾನ್ ಫೈನ್, 60ರಿಂದ 100 ಮೀಡಿಯಂ, 100ರಿಂದ 150 ಕೋರ್ಸ್. ತಗಡಿನ ಪಕ್ಕ ಇಟ್ಟು, ಬೆಳಕನ್ನು ಓರೆಯಾಗಿ ಹಿಡಿದು, ಉಗುರಿನಿಂದ ಗೀರಿ ಹೋಲಿಸಬೇಕು.

ಅಂಕಿಯೇ ಬೇಕಾದರೆ ರೆಪ್ಲಿಕಾ ಟೇಪ್ ಬಳಸಿ. ಇದು ಪುಟ್ಟ ಫೋಮ್ ಪೊರೆ, ಬೆನ್ನಿಗೆ 50 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ. ಕೋರ್ಸ್ ದರ್ಜೆಯ ಟೇಪ್ 20ರಿಂದ 64, ಎಕ್ಸ್ ಕೋರ್ಸ್ 38ರಿಂದ 115 ಮೈಕ್ರಾನ್ ಅಳೆಯುತ್ತದೆ. ಧೂಳು ಊದಿದ ಜಾಗಕ್ಕೆ ಟೇಪ್ ಅಂಟಿಸಿ, ಜೊತೆಗೆ ಬರುವ ದುಂಡು ತುದಿಯ ಕಡ್ಡಿಯಿಂದ ವೃತ್ತವಿಡೀ ಒಂದೇ ಬಣ್ಣಕ್ಕೆ ತಿರುಗುವವರೆಗೆ ಒತ್ತಿ ಉಜ್ಜಿ. ತಿಳಿಯಾದ ಮಚ್ಚೆ ಎಲ್ಲೇ ಉಳಿದರೂ ಅಲ್ಲಿ ಫೋಮ್ ತಗ್ಗಿಗೆ ಇಳಿದಿಲ್ಲ. ಬಿಡಿಸಿ, ಸ್ಪ್ರಿಂಗ್ ಮೈಕ್ರೋಮೀಟರಿನಲ್ಲಿ ದಪ್ಪ ನೋಡಿ 50 ಕಳೆಯಿರಿ. 118 ಬಂದರೆ ಪ್ರೊಫೈಲ್ 68. ಒಂದು ಜಾಗಕ್ಕೆ ಎರಡು ಮೂರು ಟೇಪ್ ತೆಗೆದು ಸರಾಸರಿ ಮಾಡಿ, ಬಳಸಿದ ಟೇಪನ್ನು ತಾರೀಖು ಮತ್ತು ಜಾಗ ಬರೆದು ಕೆಲಸದ ವಹಿಯಲ್ಲಿ ಅಂಟಿಸಿಡಿ. ಮುಂದೆ ತಕರಾರು ಬಂದರೆ ಅದೇ ಸಾಕ್ಷಿ.

ಅಳೆಯಬೇಕಾದದ್ದು ನಾಝಲಿಗೆ ಸುಲಭವಾಗಿ ಸಿಗುವ ನಡುಭಾಗ ಮಾತ್ರವಲ್ಲ. ಆಂಗಲ್‌ಗಳ ಒಳಮೂಲೆ, ಕಂಬದ ಹಿಂಬದಿ, ಗಸೆಟ್ ಪ್ಲೇಟಿನ ಕೆಳಗೆ ಅಳೆಯಿರಿ. ತರಿ ಸಾಲದೆ ಬಣ್ಣ ಮೊದಲು ಕಳಚುವುದು ಅಲ್ಲೇ.

ಹವೆ ಮತ್ತು ಹೊತ್ತು

ಬ್ಲಾಸ್ಟ್ ಆದ ಕಬ್ಬಿಣ ಬೆತ್ತಲೆ ಕಬ್ಬಿಣ. ಮೊನೆಗಳು ಮೊದಲು ತುಕ್ಕು ಹಿಡಿಯುತ್ತವೆ. ನಾಲ್ಕು ಗಂಟೆಯೊಳಗೆ ಪ್ರೈಮರ್ ಎಂಬುದು ಒಣ ಹವೆಯ ಲೆಕ್ಕ, ಕಾರವಾರದಲ್ಲಿ ತೇವ ಹೆಚ್ಚಿದ ದಿನ ಅಷ್ಟೂ ಸಿಗದು. ಆರ್ದ್ರತೆ ಶೇ. 85 ದಾಟಬಾರದು, ಕಬ್ಬಿಣದ ಮೇಲ್ಮೈಯ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 30 ಡಿಗ್ರಿ, ಆರ್ದ್ರತೆ ಶೇ. 80 ಇದ್ದರೆ ಇಬ್ಬನಿ ಬಿಂದು ಸುಮಾರು 26. ಆಗ ತಗಡು 29ಕ್ಕಿಂತ ಬೆಚ್ಚಗಿರಬೇಕು. ನೆರಳಿನಲ್ಲಿ ರಾತ್ರಿಯಿಡೀ ತಣಿದ ದಪ್ಪ ಪ್ಲೇಟು ಬೆಳಿಗ್ಗೆ ಎಂಟಕ್ಕೆ ಅಷ್ಟು ಬೆಚ್ಚಗಿರುವುದಿಲ್ಲ. ಕಣ್ಣಿಗೆ ಒಣಗಿದಂತೆ ಕಂಡರೂ ತಗ್ಗುಗಳಲ್ಲಿ ತೇವದ ತೆಳುಪೊರೆ ಕೂತಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಈ ಕೆಲಸ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ಬೆಳಗಿನ ಇಬ್ಬನಿ ಆರಲು ಬಿಟ್ಟು ಬ್ಲಾಸ್ಟಿಂಗ್ ಶುರುಮಾಡಿ. ಮಧ್ಯಾಹ್ನ ಕಡಲಗಾಳಿ ಏಳುತ್ತದೆ, ಅದು ಉಪ್ಪನ್ನೂ ಹೊತ್ತು ತರುತ್ತದೆ, ಆದ್ದರಿಂದ ಕಡಲ ಕಡೆಗೆ ತಾಡಪತ್ರಿ ಕಟ್ಟಿ. ಅಂದು ಪ್ರೈಮರ್ ಹೊಡೆದು ಮುಗಿಸಲು ಆಗುವಷ್ಟೇ ಜಾಗವನ್ನು ಬ್ಲಾಸ್ಟ್ ಮಾಡಿ. ಬಣ್ಣ ತಿರುಗಿ ಕಂದುಛಾಯೆ ಬಂದ ಜಾಗಕ್ಕೆ ಮತ್ತೊಮ್ಮೆ ಹಗುರ ಬ್ಲಾಸ್ಟಿಂಗ್ ಬೇಕೇ ಬೇಕು.

ಪ್ರೈಮರ್: ತಗ್ಗುಗಳು ಕುಡಿಯುವ ಬಣ್ಣ

ಧೂಳನ್ನು ಒಣ ಗಾಳಿಯಿಂದ ಊದಿ, ಸಾಧ್ಯವಾದರೆ ವ್ಯಾಕ್ಯೂಮ್ ಮಾಡಿ. ಪಾರದರ್ಶಕ ಟೇಪ್ ಒತ್ತಿ ಕಿತ್ತು ಬಿಳಿ ಹಾಳೆಗೆ ಅಂಟಿಸಿದರೆ ಎಷ್ಟು ಧೂಳು ಉಳಿದಿದೆ ಎಂದು ಕಾಣುತ್ತದೆ.

ಪ್ರೈಮರ್ ಎಷ್ಟು ಬೇಕು ಎಂಬ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಮೊನೆಗಳ ಮೇಲೆ ದಪ್ಪ ಕೂರುವ ಮೊದಲು ತಗ್ಗುಗಳು ತುಂಬಬೇಕು. 75 ಮೈಕ್ರಾನ್ ಪ್ರೊಫೈಲಿಗೆ ಪ್ರತಿ ಚದರ ಮೀಟರಿಗೆ ಸುಮಾರು 50 ಮಿ.ಲೀ. ಒಣ ಬಣ್ಣ ತಗ್ಗಿಗೇ ಹೋಗುತ್ತದೆ, 45 ಮೈಕ್ರಾನಿಗೆ ಸುಮಾರು 30. ಘನಾಂಶ ಶೇ. 60 ಇರುವ ಪ್ರೈಮರನ್ನು 100 ಚದರ ಮೀಟರಿಗೆ 60 ಮೈಕ್ರಾನ್ ಹೊಡೆಯಲು ಪುಸ್ತಕದ ಲೆಕ್ಕ 10 ಲೀಟರ್. 75 ಮೈಕ್ರಾನ್ ತರಿ ಇದ್ದರೆ ಅದರ ಮೇಲೆ ಇನ್ನೂ 8 ಲೀಟರ್ ಚಿಲ್ಲರೆ ಬೇಕು, ಸ್ಪ್ರೇಯಲ್ಲಿ ಹಾರಿಹೋಗುವುದು ಬೇರೆ. ಈ ಲೆಕ್ಕ ಗೊತ್ತಿಲ್ಲದೆ 10 ಲೀಟರನ್ನೇ ಎಳೆದು ಹಂಚಿದರೆ ಮೊನೆಗಳು ಬೆತ್ತಲೆ ಉಳಿಯುತ್ತವೆ, ಒಂದೇ ಮಳೆಗಾಲಕ್ಕೆ ಸೂಜಿಮೊನೆಯಷ್ಟು ತುಕ್ಕುಚುಕ್ಕೆಗಳು ಇಡೀ ಮೈಗೆ ಏಳುತ್ತವೆ. ಸರಾಸರಿ 70 ಇದ್ದರೂ ಅಲ್ಲಲ್ಲಿ 120ರ ಒಂಟಿ ಮೊನೆ ಎದ್ದಿರುವುದುಂಟು. ತೆಳು ಬಣ್ಣಕ್ಕೆ ಅವೇ ಶತ್ರು.

ಮಂದ ಬಣ್ಣ ತಗ್ಗಿನ ತಳ ಮುಟ್ಟದೆ ಅಡಿಯಲ್ಲಿ ಗಾಳಿ ಹಿಡಿದುಕೊಳ್ಳುತ್ತದೆ, ಬಿಸಿಲು ಏರಿದಾಗ ಆ ಗಾಳಿ ಹಿಗ್ಗಿ ಬಣ್ಣದಲ್ಲಿ ಪಿನ್ ತೂತು ಬೀಳುತ್ತದೆ. ಡೇಟಾ ಶೀಟ್ ಹೇಳಿದಷ್ಟೇ ಥಿನ್ನರ್ ಹಾಕಿ, ಮೊದಲ ಹೊಡೆತ ತೆಳುವಾಗಿರಲಿ. ವೆಲ್ಡ್, ಅಂಚು, ಬೋಲ್ಟು, ಗುಳಿಗಳಿಗೆ ಸ್ಪ್ರೇಗೆ ಮೊದಲೇ ಬ್ರಷ್ಷಿನಿಂದ ಒತ್ತಿ ಒಂದು ಕೈ ಬಳಿಯಿರಿ. ಬ್ರಷ್ ಬಣ್ಣವನ್ನು ತಗ್ಗಿನೊಳಕ್ಕೆ ದೂಡುತ್ತದೆ, ಸ್ಪ್ರೇಗೆ ಆ ಒತ್ತು ಇಲ್ಲ.

ಒಣಗಿದ ಮೇಲೆ ದಪ್ಪ ಅಳೆಯುವ ಗೇಜ್ ಮೊನೆಯಿಂದ ಅಳೆಯುವುದಿಲ್ಲ, ಮೊನೆಗೂ ತಗ್ಗಿಗೂ ನಡುವಿನ ಒಂದು ಮಟ್ಟದಿಂದ ಅಳೆಯುತ್ತದೆ. ನುಣುಪು ತಗಡಿನ ಮೇಲೆ ಸೊನ್ನೆ ಮಾಡಿದ ಗೇಜಿನ ಅಂಕಿಯಿಂದ ಫೈನ್ ಪ್ರೊಫೈಲಿಗೆ 10, ಮೀಡಿಯಂಗೆ 25, ಕೋರ್ಸ್‌ಗೆ 40 ಮೈಕ್ರಾನ್ ಕಳೆಯಿರಿ ಎಂದು ಐಎಸ್‌ಒ 19840 ಹೇಳುತ್ತದೆ. ಮೀಡಿಯಂ ತರಿಯ ಮೇಲೆ ಗೇಜ್ 60 ತೋರಿಸಿದರೆ ನಿಮ್ಮ ಪ್ರೈಮರ್ ನಿಜಕ್ಕೂ 35. ಬೇಕಾದದ್ದು 60 ಆದರೆ ಗೇಜಿನಲ್ಲಿ 85 ಕಾಣಬೇಕು.

ಬ್ಲಾಸ್ಟಿಂಗ್ ಮಾಡಲಾಗದ ಕಡೆ

ಅಂಕೋಲೆಯ, ಹೊನ್ನಾವರದ ಸಣ್ಣ ವೆಲ್ಡಿಂಗ್ ಶಾಪಿನಲ್ಲಿ ಬ್ಲಾಸ್ಟಿಂಗ್ ಸಾಧನ ಇರುವುದಿಲ್ಲ. ಗ್ರೈಂಡರಿಗೆ ವೈರ್ ಕಪ್ ಹಾಕಿ ಹೊಳೆಯುವಂತೆ ಉಜ್ಜುವುದು ಅಲ್ಲಿನ ರೂಢಿ. ಆ ಹೊಳಪೇ ತೊಂದರೆ: ವೈರ್ ಬ್ರಷ್ ತುಕ್ಕನ್ನೂ ಮಿಲ್ ಸ್ಕೇಲನ್ನೂ ಪಾಲಿಶ್ ಮಾಡಿ ನುಣುಪಾಗಿಸುತ್ತದೆ. ಅದರ ಬದಲು ಒರಟು ಫ್ಲ್ಯಾಪ್ ಡಿಸ್ಕಿನಿಂದ ಒಂದು ದಿಕ್ಕಿಗೆ, ಆಮೇಲೆ ಅದಕ್ಕೆ ಅಡ್ಡ ದಿಕ್ಕಿಗೆ ಉಜ್ಜಿ. ನೀಡಲ್ ಗನ್ ಮೂಲೆಗಳಿಗೆ ಒಳ್ಳೆಯದು. ಬ್ರಿಸಲ್ ಬ್ಲಾಸ್ಟರ್ ಎಂಬ ಕೈಯಂತ್ರದ ತಂತಿತುದಿಗಳು ಕೊಕ್ಕೆಯಂತೆ ಬಾಗಿದ್ದು ಬಡಿದು ಪುಟಿಯುತ್ತವೆ, 60ರಿಂದ 80 ಮೈಕ್ರಾನ್ ತರಿ ಎಬ್ಬಿಸುತ್ತವೆ. ರಿಪೇರಿ ಜಾಗಗಳಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಹೀಗೆ ಕೈಯಂತ್ರದಿಂದ ಸಿದ್ಧಪಡಿಸಿದ ಮೇಲ್ಮೈಗೆ ಜಿಂಕ್ ರಿಚ್ ಪ್ರೈಮರ್ ಹಾಕಬೇಡಿ. ಅದರ ಜಿಂಕ್ ಬೆತ್ತಲೆ ಕಬ್ಬಿಣವನ್ನು ಮುಟ್ಟಿದರಷ್ಟೇ ಕೆಲಸ ಮಾಡುತ್ತದೆ. ಬ್ಲಾಸ್ಟ್ ಆಗದ ಮೇಲ್ಮೈಗೂ ಹಿಡಿಯುವ ಸರ್ಫೇಸ್ ಟಾಲರೆಂಟ್ ಎಪಾಕ್ಸಿ ಮಾಸ್ಟಿಕ್ ಬಳಸಿ.

ಗ್ಯಾಲ್ವನೈಸ್ ಮಾಡಿದ ಪೈಪಿಗೆ ಬಣ್ಣ ಬಳಿಯುವುದಾದರೆ ಸಣ್ಣ ಗಾರ್ನೆಟ್, 2ರಿಂದ 3 ಬಾರ್, ನಾಝಲ್ ಓರೆ, ಕೈ ಬೇಗ ಬೇಗ. ಜಿಂಕಿನ ಹೊಳಪು ಮಾಸಿದರೆ ಸಾಕು. ಪೂರ್ಣ ಒತ್ತಡದಲ್ಲಿ ಹೊಡೆದರೆ ಜಿಂಕ್ ಪದರವೇ ಎದ್ದುಹೋಗುತ್ತದೆ.

ಹಿಡಿದಿದೆಯೇ ಎಂದು ನೋಡುವುದು

ದೊಡ್ಡ ಕೆಲಸವಾದರೆ ಅದೇ ಕಾಳು, ಅದೇ ಒತ್ತಡ, ಅದೇ ಬಣ್ಣದಲ್ಲಿ ಒಂದು ಅಡಿ ಚೌಕದ ಪ್ಲೇಟನ್ನು ಮೊದಲೇ ಮಾಡಿಟ್ಟುಕೊಳ್ಳಿ. ಪೂರ್ತಿ ಗಟ್ಟಿಯಾದ ಮೇಲೆ 20 ಮಿ.ಮೀ. ಡಾಲಿಗಳನ್ನು (ಬಣ್ಣಕ್ಕೆ ಅಂಟಿಸಿ ಎಳೆಯುವ ಲೋಹದ ಬಿಲ್ಲೆಗಳು) ಎರಡು ಭಾಗದ ಎಪಾಕ್ಸಿ ಅಂಟಿನಿಂದ ಕೂರಿಸಿ, ಒಂದು ದಿನ ಬಿಟ್ಟು, ಪುಲ್ ಆಫ್ ಗೇಜಿನಿಂದ ಕೀಳಿ. 5 ಮೆಗಾಪ್ಯಾಸ್ಕಲ್‌ಗಿಂತ ಕಡಿಮೆಗೆ ಕಿತ್ತರೆ ಒಪ್ಪಬೇಡಿ. ಅಂಕಿಗಿಂತ ಹೆಚ್ಚು ವಿಷಯ ಹೇಳುವುದು ಡಾಲಿಯ ಮುಖ. ಅದರ ಮೇಲೆ ಅಂಟು ಮಾತ್ರ ಇದ್ದರೆ ಬಣ್ಣಕ್ಕೆ ಏನೂ ಆಗಿಲ್ಲ, ಪರೀಕ್ಷೆ ಮತ್ತೆ ಮಾಡಿ. ಬಣ್ಣ ನಡುವೆ ಸೀಳಿದ್ದರೆ ಹಿಡಿತ ಚೆನ್ನಾಗಿದೆ, ದೌರ್ಬಲ್ಯವೇನಾದರೂ ಇದ್ದರೆ ಬಣ್ಣದ ಒಳಗೆ: ಮಿಶ್ರಣ, ಥಿನ್ನರ್, ಒಣಗಲು ಕೊಟ್ಟ ಹೊತ್ತು ನೋಡಿ. ಪ್ರೈಮರ್ ಬುಡಸಮೇತ ಎದ್ದು ಪ್ಲೇಟಿನ ಮೇಲೆ ಬೆಳ್ಳಗಿನ ಕಬ್ಬಿಣ ಕಂಡರೆ ತರಿ ಸಾಲದು ಅಥವಾ ಮೇಲ್ಮೈ ಕೊಳೆಯಾಗಿತ್ತು. ಪ್ಲೇಟಿನಲ್ಲಿ ಇದು ಕಂಡರೆ ಬಣ್ಣ ಬದಲಿಸುವ ಮಾತು ಎತ್ತುವ ಮೊದಲು ಉಪ್ಪಿನ ಅಳತೆ, ಧೂಳಿನ ಟೇಪ್, ರೆಪ್ಲಿಕಾ ಟೇಪ್ ಮೂರನ್ನೂ ಹೊಸದಾಗಿ ತೆಗೆದು ನೋಡಿ. ಪರೀಕ್ಷೆಯನ್ನು ನಿಂತ ಕಂಬದ ಮೇಲೇ ಮಾಡಿದ್ದರೆ ಡಾಲಿ ಕಿತ್ತ ಜಾಗದ ಸುತ್ತ ಅಂಚನ್ನು ಇಳಿಜಾರಾಗಿ ಉಜ್ಜಿ, ಬೆತ್ತಲೆ ಕಬ್ಬಿಣಕ್ಕೆ ಬ್ರಿಸಲ್ ಬ್ಲಾಸ್ಟರ್ ಹಿಡಿದು, ಅಂದೇ ಬ್ರಷ್ಷಿನಿಂದ ಎಪಾಕ್ಸಿ ಮಾಸ್ಟಿಕ್ ತುಂಬಿ, ಒಣಗಿದ ಮೇಲೆ ಪಾಲಿಯುರೆಥೇನ್ ಬಳಿಯಿರಿ.